ರೋಬೋಟ್ ಆಫ್ ಆಗಿದೆ, ಶಕ್ತಿ ಎಲ್ಲಿದೆ? ರೊಬೋಟಿಕ್ಸ್ ತಂಡದ ಸುರಕ್ಷತಾ ಟಿಪ್ಪಣಿ

ತುಮಕೂರಿನ ಕಾಲೇಜುಗಳಲ್ಲಿ ಈ ವರ್ಷ ರೊಬೋಟಿಕ್ಸ್ ತಂಡ ಸೇರುತ್ತಿರುವ ಜೂನಿಯರ್‌ಗಳಿಗಾಗಿ ಬರೆದ ಟಿಪ್ಪಣಿ ಇದು. ಕನ್ನಡಕ ಹಾಕಿ, ಶೂ ಹಾಕಿ, ಕೂದಲು ಕಟ್ಟಿ ಎನ್ನುವ ಪಟ್ಟಿ ಲ್ಯಾಬ್ ಗೋಡೆಯ ಮೇಲೆ ಇದ್ದೇ ಇರುತ್ತದೆ. ಅದನ್ನು ಸುಮ್ನೆ ಬಾಯಿಪಾಠ ಮಾಡುವ ಬದಲು, ಕೆಲಸಕ್ಕೆ ಕೈ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈಗ ಶಕ್ತಿ ಎಲ್ಲಿ ಕೂತಿದೆ? ಸ್ವಿಚ್ ಆಫ್ ಇರಬಹುದು. ಆದರೂ ಬ್ಯಾಟರಿಯಲ್ಲಿ, ಎಳೆದಿಟ್ಟ ಸ್ಪ್ರಿಂಗ್‌ನಲ್ಲಿ, ಮೇಲೆತ್ತಿದ ತೋಳಿನಲ್ಲಿ, ಗಾಳಿ ತುಂಬಿದ ಸಿಲಿಂಡರ್‌ನಲ್ಲಿ, ಇನ್ನೂ ನಿಲ್ಲದ ಡಿಸ್ಕ್‌ನಲ್ಲಿ ಶಕ್ತಿ ಇರುತ್ತದೆ.

ಒಂದು ಲೆಕ್ಕ

ರೋಬೋಟ್‌ಗಳು ಪರಸ್ಪರ ಕಾದಾಡುವ ರೋಬೋ ವಾರ್ ಸ್ಪರ್ಧೆಗೆ ಆಯುಧವಾಗಿ 2 ಕೆಜಿ ತೂಕದ, 10 ಸೆಂ.ಮೀ. ತ್ರಿಜ್ಯದ ಉಕ್ಕಿನ ಡಿಸ್ಕ್ ಮಾಡಿದ್ದೀರಿ ಎಂದುಕೊಳ್ಳಿ. ಅದರ ಜಡತ್ವ ಭ್ರಾಮಕ ಎಂದರೆ ತೂಕ ಗುಣಿಸು ತ್ರಿಜ್ಯದ ವರ್ಗ, ಅದರಲ್ಲಿ ಅರ್ಧ. ತ್ರಿಜ್ಯವನ್ನು ಮೀಟರ್‌ನಲ್ಲಿ (0.1) ಹಾಕಿದರೆ 0.01. ನಿಮಿಷಕ್ಕೆ 6000 ಸುತ್ತು ತಿರುಗಿದರೆ ಕೋನೀಯ ವೇಗ ಸೆಕೆಂಡಿಗೆ ಸುಮಾರು 628 ರೇಡಿಯನ್. ಜಡತ್ವ ಭ್ರಾಮಕ ಗುಣಿಸು ಈ ವೇಗದ ವರ್ಗ, ಅದರಲ್ಲಿ ಅರ್ಧ ಎಂದರೆ ಚಲನಶಕ್ತಿ: ಹೆಚ್ಚುಕಡಿಮೆ 2000 ಜೂಲ್. 50 ಕೆಜಿ ಸಿಮೆಂಟ್ ಮೂಟೆ 4 ಮೀಟರ್ ಮೇಲಿಂದ ಬಿದ್ದರೆ ಎಷ್ಟು ಶಕ್ತಿಯೋ ಅಷ್ಟು. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ. 'ಸ್ವಲ್ಪ ಸ್ಪೀಡ್ ಜಾಸ್ತಿ ಮಾಡೋಣ' ಎನ್ನುವವರಿಗೆ ಈ ಸಾಲು ತೋರಿಸಿ.

ಈಗ ಅದೇ ರೋಬೋಟಿನ ಬ್ಯಾಟರಿ ನೋಡಿ. 11.1 ವೋಲ್ಟ್, 2200 ಎಂಎಎಚ್‌ನ (ಮಿಲಿಆಂಪಿಯರ್-ಅವರ್) ಪುಟ್ಟ ಲಿಪೊ, ಅಂದರೆ ಲಿಥಿಯಂ ಪಾಲಿಮರ್ ಪ್ಯಾಕ್. ಅದರಲ್ಲಿ ಸುಮಾರು 24 ವ್ಯಾಟ್-ಅವರ್, ಅಂದರೆ 88,000 ಜೂಲ್ ಇದೆ. ಎಲ್ಲರೂ ಹೆದರುವ ಡಿಸ್ಕ್‌ಗಿಂತ 40 ಪಟ್ಟಿಗೂ ಜಾಸ್ತಿ! ಡಿಸ್ಕ್ ಹತ್ತಿರ ಹೋಗಲು ಯೋಚಿಸುವವರು ಇದನ್ನು ಮಾತ್ರ ಬ್ಯಾಗಿನೊಳಗೆ ಬೀಗದ ಕೈ ಜೊತೆ ಎಸೆದಿರುತ್ತಾರೆ.

ಲಿಪೊ ಬ್ಯಾಟರಿ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಮೇಲೆ ಹೇಳಿದ 11.1 ವೋಲ್ಟ್ ಪ್ಯಾಕ್ 3ಎಸ್, ಎಂದರೆ ಮೂರು ಸೆಲ್ ಸರಣಿಯಲ್ಲಿ. ಪ್ರತಿ ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. 3 ವೋಲ್ಟ್‌ಗಿಂತ ಕೆಳಗೆ ಇಳಿದರೆ ಸೆಲ್ ಹಾಳಾಗುತ್ತದೆ. ಕೆಲವು ದಿನ ಬಳಸುವುದಿಲ್ಲ ಎಂದಾದರೆ ಸೆಲ್‌ಗೆ ಸುಮಾರು 3.8 ವೋಲ್ಟ್ ಇರುವ ಹಾಗೆ ಮಾಡಿ ಎತ್ತಿಡಬೇಕು. ಬಹಳಷ್ಟು ಚಾರ್ಜರ್‌ಗಳಲ್ಲಿ ಇದಕ್ಕೆಂದೇ ಸ್ಟೋರೇಜ್ ಮೋಡ್ ಇರುತ್ತದೆ.

ಚಾರ್ಜ್ ಮಾಡುವಾಗ 1ಸಿ, ಅಂದರೆ ಪ್ಯಾಕಿನ ಆಂಪಿಯರ್-ಅವರ್ ಸಂಖ್ಯೆಯಷ್ಟೇ ಆಂಪಿಯರ್ ದಾಟಬೇಡಿ. 2200 ಎಂಎಎಚ್ ಪ್ಯಾಕ್‌ಗೆ 2.2 ಆಂಪಿಯರ್. ದೊಡ್ಡ ಕನೆಕ್ಟರ್ ಜೊತೆ ಚಿಕ್ಕ ಬಿಳಿ ಬ್ಯಾಲೆನ್ಸ್ ವೈರನ್ನೂ ಚಾರ್ಜರ್‌ಗೆ ಹಾಕಲೇಬೇಕು. ಏಕೆ? ಮರೆತು 3ಎಸ್ ಪ್ಯಾಕನ್ನು 4ಎಸ್ ಸೆಟ್ಟಿಂಗ್‌ನಲ್ಲಿ ಇಟ್ಟರೆ ಚಾರ್ಜರ್ 16.8 ವೋಲ್ಟ್‌ವರೆಗೆ ತಳ್ಳಲು ಹೋಗುತ್ತದೆ. ಒಂದೊಂದು ಸೆಲ್‌ಗೆ 5.6 ವೋಲ್ಟ್. ಅಲ್ಲಿಗೆ ತಲುಪುವ ಮೊದಲೇ ಬೆಂಕಿ ಹೊತ್ತಿಕೊಳ್ಳಬಹುದು. ಬ್ಯಾಲೆನ್ಸ್ ವೈರ್ ಇದ್ದರೆ ಚಾರ್ಜರ್ ಸೆಲ್‌ಗಳನ್ನು ಒಂದೊಂದಾಗಿ ನೋಡಿ, ತಪ್ಪಿದ್ದರೆ ನಿಲ್ಲಿಸುತ್ತದೆ.

ಇನ್ನು ನಮ್ಮೂರಿನ ಬಿಸಿಲು. 45 ಡಿಗ್ರಿಗಿಂತ ಬಿಸಿಯಾದ ಲಿಪೊವನ್ನು ಚಾರ್ಜ್ ಮಾಡಬಾರದು. ಏಪ್ರಿಲ್ ಮಧ್ಯಾಹ್ನ ತಗಡಿನ ಶೀಟಿನ ಶೆಡ್ಡಿನಲ್ಲಿ, ಬಿ.ಎಚ್. ರಸ್ತೆ ಬದಿಯಲ್ಲಿ ನಿಲ್ಲಿಸಿದ ಬೈಕಿನ ಡಿಕ್ಕಿಯಲ್ಲಿ ಬ್ಯಾಟರಿ ಎಷ್ಟು ಕಾಯುತ್ತದೆ ಎಂದು ಹೇಳಬೇಕಾಗಿಲ್ಲ. ಮ್ಯಾಚ್ ಮುಗಿದ ತಕ್ಷಣವೂ ಅಷ್ಟೆ. ಕೈಗೆ ತಣ್ಣಗಾಗುವವರೆಗೆ ಕಾಯಿರಿ. ಚಾರ್ಜ್ ಆಗುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು. ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಚಾರ್ಜ್‌ಗೆ ಹಾಕಿ ಮಲಗುವುದಂತೂ ಬೇಡವೇ ಬೇಡ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಬ್ಯಾಟರಿ ಕೊಂಡು ರೈಲಿನಲ್ಲಿ ತರುವಾಗ ಕನೆಕ್ಟರ್ ಬಾಯಿಗೆ ಟೇಪ್ ಸುತ್ತಿ. ಶಾರ್ಟ್ ಆದರೆ ಏನಾಗುತ್ತದೆ ಎಂಬುದು ಓಮ್ ನಿಯಮದಲ್ಲೇ ಇದೆ. ಬ್ಯಾಟರಿ ಮತ್ತು ವೈರ್ ಸೇರಿ ಪ್ರತಿರೋಧ 0.05 ಓಮ್ ಎಂದರೂ, 12.6 ವೋಲ್ಟ್‌ಗೆ 250 ಆಂಪಿಯರ್ ಹರಿಯುತ್ತದೆ. ಕರೆಂಟ್ ಹೊಡೆಯುವಷ್ಟು ವೋಲ್ಟೇಜ್ ಅಲ್ಲ, ನಿಜ. ಆದರೆ ಬೆರಳಿನ ಉಂಗುರ ಕೆಂಪಗೆ ಕಾಯಲು ಆಂಪಿಯರ್ ಸಾಕು. ಆದ್ದರಿಂದ ಫ್ಯೂಸನ್ನು ಬ್ಯಾಟರಿಯ ಪ್ಲಸ್ ತುದಿಗೆ ಆದಷ್ಟು ಹತ್ತಿರ ಹಾಕಿ. ಅದರಿಂದ ಮುಂದಿನ ವೈರನ್ನು ಮಾತ್ರ ಫ್ಯೂಸ್ ಕಾಯುತ್ತದೆ, ಹಿಂದಿನದನ್ನಲ್ಲ.

ಎಮರ್ಜೆನ್ಸಿ ಸ್ಟಾಪ್

ಹಳದಿ ಹಿನ್ನೆಲೆಯ ಮೇಲೆ ಅಣಬೆಯಂಥ ಕೆಂಪು ಬಟನ್. ಒತ್ತಿದರೆ ಒಳಗೇ ಕೂರುತ್ತದೆ, ತಿರುಗಿಸಿದರೆ ಮಾತ್ರ ಹೊರಬರುತ್ತದೆ. ವೈವಾದಲ್ಲಿ ಕೇಳಬಹುದಾದ ಪ್ರಶ್ನೆ: ಇದರಲ್ಲಿ ಎನ್‌ಒ (ನಾರ್ಮಲಿ ಓಪನ್) ಕಾಂಟ್ಯಾಕ್ಟ್ ಬಳಸಬೇಕಾ, ಎನ್‌ಸಿ (ನಾರ್ಮಲಿ ಕ್ಲೋಸ್ಡ್) ಬಳಸಬೇಕಾ? ಎನ್‌ಸಿ. ಬಟನ್ ಒತ್ತದೇ ಇದ್ದಾಗ ಸರ್ಕಿಟ್ ಕೂಡಿರುತ್ತದೆ, ಒತ್ತಿದಾಗ ಕಡಿಯುತ್ತದೆ. ಅಕಸ್ಮಾತ್ ಆ ವೈರೇ ಕಿತ್ತುಹೋಯಿತು ಎನ್ನಿ. ಎನ್‌ಸಿ ಆದರೆ ರೋಬೋಟ್ ತಾನಾಗಿ ನಿಲ್ಲುತ್ತದೆ. ಎನ್‌ಒ ಆದರೆ ವೈರ್ ಹೋಗಿದ್ದು ಗೊತ್ತೇ ಆಗುವುದಿಲ್ಲ, ಅಪಾಯದ ಹೊತ್ತಿನಲ್ಲಿ ಎಷ್ಟು ಒತ್ತಿದರೂ ನಿಲ್ಲುವುದಿಲ್ಲ. ಬಟನ್ ಮೋಟಾರಿನ ಪವರನ್ನೇ ನೇರವಾಗಿ ಅಥವಾ ಕಾಂಟ್ಯಾಕ್ಟರ್ (ದೊಡ್ಡ ಕರೆಂಟ್ ಕಡಿಯುವ ರಿಲೇ) ಮೂಲಕ ಕಡಿಯಬೇಕು. ಮೈಕ್ರೋಕಂಟ್ರೋಲರ್‌ಗೆ 'ನಿಲ್ಲಿಸು' ಅಂತ ಸಿಗ್ನಲ್ ಕಳಿಸುವುದು ಸಾಲದು. ಪ್ರೋಗ್ರಾಂ ಹ್ಯಾಂಗ್ ಆಗಿದ್ದರೆ ಆ ಸಿಗ್ನಲ್ ನೋಡುವವರು ಯಾರು?

ರಿಮೋಟ್‌ಗೂ ಇದೇ ತರ್ಕ. ಸಿಗ್ನಲ್ ತಪ್ಪಿದರೆ ಥ್ರಾಟಲ್ ಸೊನ್ನೆಗೆ ಬರುವಂತೆ ರಿಸೀವರ್‌ನಲ್ಲಿ ಫೇಲ್‌ಸೇಫ್ ಹೊಂದಿಸಿ. ಚಕ್ರಗಳು ನೆಲಕ್ಕೆ ತಾಗದಂತೆ ಮರದ ದಿಮ್ಮಿಯ ಮೇಲಿಟ್ಟು, ಆಯುಧ ಬಿಚ್ಚಿ, ಬೇಕಂತಲೇ ರಿಮೋಟ್ ಆಫ್ ಮಾಡಿ ಪರೀಕ್ಷಿಸಿ. ಇದೊಂದು ಪರೀಕ್ಷೆ ಬಿಟ್ಟು ಮಾತ್ರ, ಆನ್ ಮಾಡುವಾಗ ಮೊದಲು ರಿಮೋಟ್, ಆಮೇಲೆ ರೋಬೋಟ್. ಆಫ್ ಮಾಡುವಾಗ ಉಲ್ಟಾ.

ವರ್ಕ್‌ಶಾಪ್

ಲೋಹ ಕತ್ತರಿಸುವ ಆ್ಯಂಗಲ್ ಗ್ರೈಂಡರ್ ಓಡುತ್ತಿರುವಾಗ ಕರೆಂಟ್ ಹೋಯಿತು. ಅದನ್ನು ಬೆಂಚಿನ ಮೇಲಿಟ್ಟು ಟೀ ಕುಡಿಯಲು ಹೋದಿರಿ. ಸ್ವಿಚ್ ಲಾಕ್ ಆಗಿಯೇ ಇದೆ. ಕರೆಂಟ್ ಬಂದ ಕ್ಷಣ ಗ್ರೈಂಡರ್ ತಾನೇ ಎದ್ದು ಕುಣಿಯುತ್ತದೆ. ಕರೆಂಟ್ ಹೋದ ಕೂಡಲೇ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳುವುದು ನಮ್ಮ ಕಡೆ ಯಾವ ಗೋಡೆ ಪಟ್ಟಿಯಲ್ಲೂ ಮೊದಲ ಸಾಲಿನಲ್ಲಿರಬೇಕು ಅನ್ನುವುದು ನನ್ನ ಅಭಿಪ್ರಾಯ. ಡಿಸ್ಕ್ ಮೇಲೆ ಬರೆದ ಗರಿಷ್ಠ ವೇಗ ಗ್ರೈಂಡರ್ ವೇಗಕ್ಕಿಂತ ಕಡಿಮೆ ಇರಬಾರದು. ಗಾರ್ಡ್ ಬಿಚ್ಚಬೇಡಿ.

ಡ್ರಿಲ್ಲಿಂಗ್ ಮೆಷಿನ್ ಮುಂದೆ ಗ್ಲೌಸ್ ಬೇಡ. ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ದುಪಟ್ಟಾ, ಕಡಗ, ಕೈಗೆ ಕಟ್ಟಿದ ದಾರ ಎಲ್ಲರಿಗೂ ನೆನಪಾಗುತ್ತವೆ. ಕತ್ತಿನಲ್ಲಿ ನೇತಾಡುವ ಕಾಲೇಜಿನ ಐಡಿ ಕಾರ್ಡ್ ಮರೆತೇ ಹೋಗುತ್ತದೆ ಅಲ್ವಾ? ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳಿ.

ಸೋಲ್ಡರಿಂಗ್ ಬಗ್ಗೆ ಎರಡೇ ಮಾತು. 60/40 ಸೋಲ್ಡರ್‌ನಲ್ಲಿ ಸೀಸ ಇದೆ, ಕೈ ತೊಳೆಯದೆ ತಿಂಡಿ ಮುಟ್ಟಬೇಡಿ. ಫ್ಲಕ್ಸ್ ಹೊಗೆ ಮೂಗಿಗೆ ಬರದಂತೆ ಫ್ಯಾನ್ ಇಡಿ. ಲೇಸರ್ ಕಟರ್‌ಗೆ ಪಿವಿಸಿ ಹಾಕಲೇಬಾರದು, ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರಲ್ಲಿ ಉದ್ಘಾಟನೆಯಾಯಿತು. ವಿಮಾನದ ಕೆಲಸದಲ್ಲಿ ಜಗತ್ತಿನಾದ್ಯಂತ ಒಂದು ಪದ್ಧತಿ ಇದೆ. ಕೆಲಸ ಮುಗಿದ ಮೇಲೆ ಸಲಕರಣೆಗಳನ್ನು ಎಣಿಸುವುದು. ಒಂದು ಸ್ಪ್ಯಾನರ್ ಕಡಿಮೆ ಬಂದರೂ ಹುಡುಕಿದ ಮೇಲೇ ಮುಂದಿನ ಮಾತು. ನಾವೂ ಇದನ್ನು ಎತ್ತಿಕೊಳ್ಳಬಹುದು. ಬೋರ್ಡಿನ ಮೇಲೆ ಪ್ರತಿ ಸಲಕರಣೆಯ ಆಕಾರ ಬರೆದರೆ ಖಾಲಿ ಜಾಗ ತಾನೇ ಕಾಣುತ್ತದೆ. ಚಾಸಿಯೊಳಗೆ ಬಿದ್ದ ಒಂದು ಎಂ3 ಸ್ಕ್ರೂ ಮೋಟಾರ್ ಡ್ರೈವರ್‌ನ (ಮೋಟಾರಿಗೆ ಕರೆಂಟ್ ಕೊಡುವ ಬೋರ್ಡ್) ಪ್ಲಸ್ ಮತ್ತು ಮೈನಸ್ ಪಿನ್‌ಗಳನ್ನು ಜೋಡಿಸಿದರೆ ಮೇಲೆ ಹೇಳಿದಂಥ ಶಾರ್ಟ್ ಅಲ್ಲೇ ಆಗುತ್ತದೆ.

ಆಗಬಾರದ್ದು ಆದಾಗ

ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರು, 20 ನಿಮಿಷ. ಟೂತ್‌ಪೇಸ್ಟ್, ತುಪ್ಪ, ಇಂಕು ಯಾವುದೂ ಬೇಡ. ಕಣ್ಣಿಗೆ ಲೋಹದ ಚೂರು ಬಿದ್ದರೆ ಉಜ್ಜದೆ ಆಸ್ಪತ್ರೆಗೆ ಹೋಗಿ. ಆಂಬುಲೆನ್ಸ್‌ಗೆ 108, ಯಾವುದೇ ತುರ್ತಿಗೆ 112.

ಲಿಪೊ ಊದಿಕೊಂಡರೆ ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಲೂ ಬೇಡಿ. ಹೊಗೆ ಶುರುವಾದರೆ, ಕೈಗೆಟುಕಿದರೆ ಗೋಡೆಯ ಸ್ವಿಚ್ ಆಫ್ ಮಾಡಿ ಎಲ್ಲರೂ ಹೊರಗೆ ಬನ್ನಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಉಸಿರಾಡಬಾರದು. ಚಾರ್ಜಿಂಗ್ ಜಾಗದ ಪಕ್ಕ ಒಣ ಮರಳಿನ ಬಕೆಟ್ ಇರಲಿ. ಮರಳು ಸೆಲ್ ಒಳಗಿನ ಬೆಂಕಿಯನ್ನು ಆರಿಸುವುದಿಲ್ಲ, ಅಕ್ಕಪಕ್ಕಕ್ಕೆ ಹರಡುವುದನ್ನು ತಡೆಯುತ್ತದೆ ಅಷ್ಟೆ. ಆರಿದ ಮೇಲೂ ಪಕ್ಕದ ಸೆಲ್ ಮತ್ತೆ ಹೊತ್ತಿಕೊಳ್ಳಬಹುದು. ಹಾಗಾಗಿ ಅದನ್ನು ಒಳಗೆ ಇಟ್ಟುಕೊಳ್ಳದೆ ಬಯಲಲ್ಲಿ ಬಿಟ್ಟು, ಆಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಕ್ಯಾಂಟೀನ್ ಹಿಂದಿನ ಕಸದ ತೊಟ್ಟಿಗೆ ಹಾಕಬೇಡಿ.