‘ಹೂವಿಲ್ಲ’ ಎಂದೂ ಬರೆದಿಡಿ

ಬಡಾವಣೆಯ ಮರಗಳನ್ನು ಆನ್‌ಲೈನಿನಲ್ಲಿ ದಾಖಲಿಸಲು ಹೊರಡುವ ತಂಡಗಳು ಮೊದಲ ಭಾನುವಾರವೇ ಇನ್ನೂರು ಫೋಟೊ ಅಪ್‌ಲೋಡ್ ಮಾಡುತ್ತವೆ. ಮೂರನೇ ಭಾನುವಾರದ ಹೊತ್ತಿಗೆ ಉತ್ಸಾಹ ಇಳಿದಿರುತ್ತದೆ. ಇನ್ನೂರು ಮರಗಳ ಹತ್ತಿರ ಒಮ್ಮೊಮ್ಮೆ ಹೋಗಿ ಬರುವುದಕ್ಕಿಂತ ಒಂದೇ ಹೊಂಗೆಯ ಬುಡಕ್ಕೆ 52 ವಾರ ಹೋಗುವುದು ಮೇಲು.

ಈ ವಾರವಾರದ ಕೆಲಸಕ್ಕೆಂದೇ ಇರುವುದು ಸೀಸನ್‌ವಾಚ್, ಜನಸಾಮಾನ್ಯರೇ ಮರಗಳನ್ನು ಗಮನಿಸಿ ದಾಖಲಿಸುವ ಯೋಜನೆ. ಮರವೊಂದನ್ನು ನೋಂದಾಯಿಸಿ, ವಾರಕ್ಕೊಮ್ಮೆ ಅದೇ ಮರದ ಚಿಗುರು, ಬಲಿತ ಎಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು ನೋಡಿ ‘ಇಲ್ಲ’, ‘ಸ್ವಲ್ಪ’, ‘ಬಹಳ’ ಎಂದು ಗುರುತು ಹಾಕಬೇಕು. ಮರದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಸ್ವಲ್ಪ, ಹೆಚ್ಚಿದ್ದರೆ ಬಹಳ. ಜನ ಬಿಟ್ಟುಬಿಡುವುದು ಈ ‘ಇಲ್ಲ’ವನ್ನು. ಮಾರ್ಚ್ 10ಕ್ಕೆ ಹೂ ಕಂಡಿತು ಎಂದಷ್ಟೇ ಬರೆದರೆ, ಅದು ಮರ ಹೂ ಬಿಟ್ಟ ದಿನವೋ ನೀವು ತಲೆ ಎತ್ತಿ ನೋಡಿದ ದಿನವೋ ಯಾರಿಗೂ ತಿಳಿಯದು. ಮಾರ್ಚ್ 3ರಂದು ‘ಹೂವಿಲ್ಲ’ ಎಂದು ಬರೆದಿದ್ದರೆ, ಹೂ ಬಂದದ್ದು ಆ ಏಳು ದಿನಗಳ ಒಳಗೆ ಎಂದು ಖಚಿತವಾಗಿ ಹೇಳಬಹುದು.

ಹೊಂಗೆಯಲ್ಲೇ ಎಡವುವ ಜಾಗಗಳು ಎರಡಿವೆ. ಬುಡದಲ್ಲಿ ಹೂವಿನ ಹಾಸಿಗೆ ಕಂಡು ‘ಬಹಳ’ ಒತ್ತಿಬಿಡುತ್ತಾರೆ. ಎಣಿಸಬೇಕಾದ್ದು ಕೊಂಬೆಯ ಮೇಲಿರುವುದನ್ನು, ಉದುರಿದ್ದನ್ನಲ್ಲ. ಇನ್ನೊಂದು, ಹೂ ಮತ್ತು ಕಾಯಿ ಒಟ್ಟಿಗೇ ಕಂಡಾಗ ತಾವೇ ತಪ್ಪು ನೋಡಿದೆವೆಂದು ಒಂದನ್ನು ಅಳಿಸುವುದು. ಹೊಂಗೆಯ ಕಾಯಿ ಬಲಿಯಲು ಹತ್ತಿರ ಹತ್ತಿರ ವರ್ಷ ಹಿಡಿಯುತ್ತದೆ. ಹೋದ ವರ್ಷದ ಒಣ ಕಾಯಿ ಜೋತಾಡುತ್ತಿರುವಾಗಲೇ ಹೊಸ ಹೂ ಬರುತ್ತದೆ. ಎರಡನ್ನೂ ಬರೆಯಿರಿ.

ಯಾವ ಮರ ಎಂಬುದೇ ಗೊತ್ತಿಲ್ಲದಾಗ, ಗಿಡಮರ, ಪ್ರಾಣಿಗಳ ಫೋಟೊ ಹಾಕಿ ಹೆಸರು ತಿಳಿಯುವ ಐನ್ಯಾಚುರಲಿಸ್ಟ್ ಆ್ಯಪ್ ಅನುಕೂಲ. ಇಲ್ಲಿ ನಿಮ್ಮ ಮರವನ್ನು ಎಂದೂ ಕಾಣದ ಒಬ್ಬರು ಫೋಟೊ ನೋಡಿಯೇ ಹೆಸರು ಹೇಳಬೇಕು. ಕೆಳಗೆ ನಿಂತು ಆಕಾಶಕ್ಕೆ ಹಿಡಿದು ತೆಗೆದ ಹಸಿರು ಮಬ್ಬಿನಿಂದ ಅವರಿಗೇನೂ ಉಪಯೋಗವಿಲ್ಲ. ಇಡೀ ಮರ, ತೊಗಟೆ, ಕಡ್ಡಿಗೆ ಎಲೆ ಕೂತಿರುವ ರೀತಿ, ಎಲೆಯ ಮೇಲ್ಮೈ, ಹಿಂಬದಿ, ಸಿಕ್ಕರೆ ಹೂ, ಕಾಯಿ: ಇವೆಲ್ಲ ಒಂದೇ ದಾಖಲೆಯೊಳಗೆ ಇರಲಿ. ಹಳದಿ ಹೂ ಕಂಡ ತಕ್ಷಣ ಕಕ್ಕೆ ಎನ್ನುವವರಿದ್ದಾರೆ. ಕಕ್ಕೆಯ ಕಾಯಿ ಕೋಲಿನಂತೆ ಉದ್ದ, ಉರುಟು. ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ಇನ್ನೊಂದು ಮರ ಪೆಲ್ಟೊಫೋರಮ್‌ನದು ಚಪ್ಪಟೆ, ತಾಮ್ರದ ಬಣ್ಣ. ಎಲೆ ಗುಲ್‌ಮೊಹರಿನಂತೆ ಸಣ್ಣ ಸಣ್ಣದು. ಕಾಯಿಯ ಒಂದು ಫೋಟೊ ಇದ್ದರೆ ವಾದವೇ ಬೇಡ. ಹೊಂಗೆ ಎಲೆಯ ಮೇಲೆ ಬಿಳಿ ಗೆರೆ ಎಳೆದಂತೆ ಹುಳು ಕೊರೆದ ಸುರಂಗ ಕಂಡರೆ ಅದಕ್ಕೆ ಬೇರೆಯೇ ದಾಖಲೆ ಮಾಡಿ, ಏಕೆಂದರೆ ಒಂದು ದಾಖಲೆಗೆ ಒಂದೇ ಜೀವಿ.

ಗುಂಪಿನ ವಾಟ್ಸ್‌ಆ್ಯಪ್‌ಗೆ ಬಂದ ಫೋಟೊಗಳನ್ನು ಒಬ್ಬರೇ ಕೂತು ಅಪ್‌ಲೋಡ್ ಮಾಡುವ ಪದ್ಧತಿ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದಿಂದ ತಾರೀಖು, ಜಾಗದ ವಿವರ ಕಳಚಿಹೋಗುತ್ತದೆ. ಆಮೇಲೆ ನೆನಪಿನಿಂದ ತುಂಬಿಸಿದ ಜಾಗ ಪಕ್ಕದ ರಸ್ತೆಯದಾಗಿರುತ್ತದೆ.

ಐನ್ಯಾಚುರಲಿಸ್ಟ್‌ನಲ್ಲಿ ನೆಟ್ಟ ಮರಕ್ಕೆ ‘ಬೆಳೆಸಿದ್ದು’ ಎಂಬ ಗುರುತು ಹಾಕಲೇಬೇಕು. ಹಾಕಿದರೆ ಆ ದಾಖಲೆ ಅಲ್ಲಿನ ಮೇಲಿನ ಗುಣಮಟ್ಟವಾದ ‘ಸಂಶೋಧನಾ ದರ್ಜೆ’ಗೆ ಏರುವುದಿಲ್ಲ, ಇದರಿಂದ ಕೆಲವರಿಗೆ ಮುನಿಸು. ಆದರೆ ಬೀದಿಯಲ್ಲಿ ನೆಟ್ಟ ಟಬೂಬಿಯಾ ತಾನಾಗಿ ಹುಟ್ಟಿದ್ದೆಂದು ದಾಖಲಾದರೆ, ಅಮೆರಿಕ ಖಂಡದ ಮರ ಇಲ್ಲಿ ತಾನಾಗಿ ಹುಟ್ಟಿ ಹಬ್ಬುತ್ತಿದೆ ಎಂಬ ಸುಳ್ಳು ನಕ್ಷೆಗೆ ಸೇರುತ್ತದೆ.

ಮರವನ್ನು ಊರಿನವರು ಕರೆಯುವ ಹೆಸರನ್ನು ಟಿಪ್ಪಣಿಯಲ್ಲಿ ಬರೆಯಿರಿ, ಯಾವ ಊರಿನ ಮಾತು ಎಂಬುದನ್ನೂ ಸೇರಿಸಿ. ಮಲೆನಾಡಿನವರಿಗೆ ಹೊನ್ನೆ ಎಂದರೆ ಕೆಂಪು ಅಂಟು ಸುರಿಸುವ ನಾಟಾ ಮರ. ಕರಾವಳಿಯಲ್ಲಿ ದೀಪದ ಎಣ್ಣೆ ಕೊಡುತ್ತಿದ್ದ ಸುರಹೊನ್ನೆಯೂ ಹೊನ್ನೆಯೇ.

ಕಾಂಡದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಅಳೆಯಬೇಕು. ಇಳಿಜಾರಾದರೆ ಮೇಲ್ಬದಿಯ ನೆಲದಿಂದ. ಅದಕ್ಕಿಂತ ಕೆಳಗೇ ಕವಲೊಡೆದಿದ್ದರೆ ಪ್ರತಿ ಕವಲನ್ನೂ ಬೇರೆಯಾಗಿ. ದರ್ಜಿಯ ಟೇಪು 150 ಸೆಂ.ಮೀ.ಗೇ ಮುಗಿಯುತ್ತದೆ, ದೊಡ್ಡ ಮಳೆಮರಕ್ಕೆ ಸಾಲದು. ಹಿಗ್ಗದ ಹಗ್ಗ ಸುತ್ತಿ, ಆಮೇಲೆ ಹಗ್ಗವನ್ನು ಅಳೆಯಿರಿ. ಹಗ್ಗ ಹಿಂಬದಿಯಲ್ಲಿ ಜಾರಿ ಕೆಳಗಿಳಿದಿದೆಯೇ, ಬಳ್ಳಿಯ ಮೇಲೆ ಹಾದಿದೆಯೇ ಎಂದು ಒಬ್ಬರು ಸುತ್ತು ಬಂದು ನೋಡಲಿ. ಬಂದ ಸಂಖ್ಯೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ: 157 ಸೆಂ.ಮೀ. ಸುತ್ತಳತೆಗೆ 50 ಸೆಂ.ಮೀ.

ಶ್ರೀಗಂಧ ಕಂಡರೆ ಮಾತ್ರ ಲೆಕ್ಕವೇ ಬೇರೆ. ಮರ ಇರುವ ಜಾಗವನ್ನು ಐನ್ಯಾಚುರಲಿಸ್ಟ್ ತಾನಾಗಿ ಬಚ್ಚಿಡುತ್ತದೆಂದು ನಂಬಿ ಕೂರದೆ, ಜಾಗ ಮಸುಕಾಗಿಸುವ ಆಯ್ಕೆಯನ್ನು ನೀವೇ ಒತ್ತಿ. ಆಗ ಹೊರಗಿನವರಿಗೆ ಸುಮಾರು 20 ಕಿ.ಮೀ. ಅಗಲದ ಚೌಕದೊಳಗೆ ಎಲ್ಲೋ ಇದೆ ಎಂಬುದಷ್ಟೇ ಗೊತ್ತಾಗುತ್ತದೆ. ಫೋಟೊದಲ್ಲಿ ದೇವಸ್ಥಾನದ ಬೋರ್ಡು, ಶಾಲೆಯ ಗೇಟು ಕಾಣದಂತೆಯೂ ನೋಡಿಕೊಳ್ಳಿ. ಇಷ್ಟೆಲ್ಲ ಮಾಡಿ, ಅದೇ ಸಂಜೆ ಬಡಾವಣೆಯ ಗುಂಪಿಗೆ ‘ನಮ್ಮ ಪಾರ್ಕಿನ ಗಂಧದ ಮರ’ ಎಂದು ಮ್ಯಾಪ್ ಸಮೇತ ಕಳಿಸಿದರೆ ಬಚ್ಚಿಟ್ಟದ್ದೆಲ್ಲ ದಂಡ.