ಬಿದ್ದ ಮರಗಳನ್ನು ಓದಿದ ಫುಜಿತಾ

1975ರ ಜೂನ್ 24. ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದ ಸುತ್ತ ಗುಡುಗು ಮಳೆ. ಇಳಿಯಲು ಬರುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್ ವಿಮಾನ ರನ್‌ವೇ ಮುಟ್ಟುವ ಮೊದಲೇ ನೆಲಕ್ಕಪ್ಪಳಿಸಿ 113 ಜನ ಸತ್ತರು. ಸ್ವಲ್ಪ ಹೊತ್ತಿನ ಮುಂಚೆ ಅದೇ ರನ್‌ವೇಯಲ್ಲಿ ಬೇರೆ ವಿಮಾನಗಳು ಇಳಿದಿದ್ದವು. ಇದೊಂದೇ ಯಾಕೆ ಬಿತ್ತು?

ಈ ಪ್ರಶ್ನೆಯ ಬೆನ್ನು ಹತ್ತಿದವರು ಶಿಕಾಗೊ ವಿಶ್ವವಿದ್ಯಾಲಯದ ಪ್ರೊಫೆಸರ್ ಟೆಟ್ಸುಯಾ ಫುಜಿತಾ. ಉತ್ತರದ ಸುಳಿವು ಅವರಿಗೆ 30 ವರ್ಷ ಹಿಂದೆಯೇ ಸಿಕ್ಕಿತ್ತು.

1945ರಲ್ಲಿ ಅವರು ಜಪಾನಿನ ಕೊಕುರಾ ಹತ್ತಿರದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಆಗಸ್ಟ್ 9ರ ಅಣುಬಾಂಬು ಬೀಳಬೇಕಿದ್ದದ್ದು ಕೊಕುರಾ ಮೇಲೆಯೇ. ಮೇಲಿನಿಂದ ಊರು ಸರಿಯಾಗಿ ಕಾಣಲಿಲ್ಲ, ಬಾಂಬರ್ ನಾಗಸಾಕಿಗೆ ತಿರುಗಿತು. ಆಮೇಲೆ ಫುಜಿತಾ ನಾಗಸಾಕಿಗೆ ಹೋಗಿ ಹಾನಿ ನೋಡಿದರು. ಸ್ಫೋಟದ ನೇರ ಕೆಳಗಿದ್ದ ಮರಗಳು ಸುಟ್ಟು ಕಪ್ಪಾಗಿದ್ದರೂ ನಿಂತೇ ಇದ್ದವು. ಸುತ್ತಲಿನವು ನಡುವಿನಿಂದ ಹೊರಕ್ಕೆ ತಲೆ ಮಾಡಿ ಮಲಗಿದ್ದವು.

1953ರಲ್ಲಿ ಶಿಕಾಗೊ ಸೇರಿದರು. ಟಾರ್ನೆಡೊ, ಅಂದರೆ ಸುಂಟರಗಾಳಿ, ಸಿಕ್ಕ ಉಪಕರಣವನ್ನೇ ಕಿತ್ತೊಗೆಯುತ್ತದೆ. ಅಂಥ ಗಾಳಿಯನ್ನು ಅಳೆಯೋದು ಹೇಗೆ? ಮುರಿದ ಮನೆ, ಕಿತ್ತ ಮರ ನೋಡಿ ವೇಗ ಅಂದಾಜಿಸುವ ಅಳತೆಯನ್ನು 1971ರಲ್ಲಿ ಕೊಟ್ಟರು. ಅದೇ ಫುಜಿತಾ ಸ್ಕೇಲ್.

1974ರ ಏಪ್ರಿಲ್ 3 ಮತ್ತು 4ರಂದು ಅಮೆರಿಕದಲ್ಲಿ ಸುಮಾರು 148 ಟಾರ್ನೆಡೊಗಳೆದ್ದವು. ಫುಜಿತಾ ಚಿಕ್ಕ ವಿಮಾನದಲ್ಲಿ ಹಾರಾಡಿ ಹಾನಿಯ ನಕ್ಷೆ ಬರೆದರು. ವೆಸ್ಟ್ ವರ್ಜೀನಿಯಾದ ಕಾಡೊಂದರ ಮೇಲೆ ಹೋಗುವಾಗ ಕೆಳಗೆ ಕಂಡಿದ್ದು ಸುತ್ತಿದ ಗುರುತಲ್ಲ, ನಕ್ಷತ್ರದಂತೆ ಹೊರಚೆಲ್ಲಿದ ಮರಗಳು. ನಾಗಸಾಕಿಯಲ್ಲಿ ನೋಡಿದ್ದ ಅದೇ ಚಿತ್ರ!

ಮೋಡದಿಂದ ತಣ್ಣನೆಯ ಗಾಳಿ ಧುಮ್ಮಿಕ್ಕಿ, ನೆಲಕ್ಕೆ ಬಡಿದು, ಎಲ್ಲ ಕಡೆಗೂ ಚೆಲ್ಲುತ್ತದೆ. ಇದನ್ನು ಅವರು ಡೌನ್‌ಬರ್ಸ್ಟ್ ಎಂದು ಕರೆದರು. ಚಿಕ್ಕದಾಗಿದ್ದರೆ ಮೈಕ್ರೋಬರ್ಸ್ಟ್. ಅದರೊಳಗೆ ನುಗ್ಗಿದ ವಿಮಾನಕ್ಕೆ ಮೊದಲು ಎದುರುಗಾಳಿ ಸಿಕ್ಕಿ ಮೇಲೆತ್ತುತ್ತದೆ. ಕೆಲವೇ ಸೆಕೆಂಡಿನಲ್ಲಿ ಅದು ಹಿಂದಿನಿಂದ ಬೀಸುವ ಗಾಳಿಯಾಗುತ್ತದೆ. ರೆಕ್ಕೆಗಳು ಆಸರೆ ಕಳೆದುಕೊಳ್ಳುತ್ತವೆ. ನೆಲ ಹತ್ತಿರವಿದ್ದರೆ ಚೇತರಿಸಿಕೊಳ್ಳಲು ಸಮಯ ಎಲ್ಲಿ? ಕೆನಡಿಯಲ್ಲಿ ಆಗಿದ್ದು ಇದೇ ಎಂದರು ಫುಜಿತಾ.

ಬಹಳ ಹವಾಮಾನ ತಜ್ಞರು ಒಪ್ಪಲಿಲ್ಲ. ಮೋಡದಿಂದ ಇಳಿಯುವ ಗಾಳಿ ನೆಲದ ಹತ್ತಿರ ಅಷ್ಟು ಜೋರಾಗಿರಲ್ಲ ಎಂಬುದು ಅವರ ವಾದ. ಫುಜಿತಾ ಜಗಳಕ್ಕೆ ನಿಲ್ಲದೆ 1978ರಲ್ಲಿ ಶಿಕಾಗೊ ಸುತ್ತ ಗಾಳಿಯ ವೇಗ ಅಳೆಯಬಲ್ಲ ಡಾಪ್ಲರ್ ರಾಡಾರ್ ಇಟ್ಟು ಕಾದರು. ಮೈಕ್ರೋಬರ್ಸ್ಟ್ ಸಿಕ್ಕಿತು. ನನಗೆ ಅವರಲ್ಲಿ ತುಂಬಾ ಇಷ್ಟವಾಗೋದು ಈ ಹಟ. 1982ರಲ್ಲಿ ಡೆನ್ವರ್ ಹತ್ತಿರ ಇನ್ನಷ್ಟು ದಾಖಲಾದವು. ಅಂದಹಾಗೆ, ಜೀವನದಲ್ಲಿ ಮೊದಲ ಬಾರಿ ಅವರು ಟಾರ್ನೆಡೊವನ್ನು ಕಣ್ಣಾರೆ ಕಂಡಿದ್ದೂ ಆಗಲೇ, 61ನೇ ವಯಸ್ಸಿನಲ್ಲಿ.

1985ರಲ್ಲಿ ಡಲ್ಲಾಸ್‌ನಲ್ಲಿ ಡೆಲ್ಟಾ ವಿಮಾನ ಮೈಕ್ರೋಬರ್ಸ್ಟ್‌ಗೆ ಸಿಕ್ಕಿ 137 ಜನ ಸತ್ತರು. ಆಮೇಲೆ ಕೆಲಸ ಚುರುಕಾಯಿತು. ಪೈಲಟ್‌ಗಳಿಗೆ ಸಿಮ್ಯುಲೇಟರಿನಲ್ಲಿ ಇದರ ತರಬೇತಿ ಶುರುವಾಯಿತು. ಅಮೆರಿಕದ ದೊಡ್ಡ ನಿಲ್ದಾಣಗಳ ಹತ್ತಿರ ಇಂಥ ಗಾಳಿಯನ್ನೇ ಹುಡುಕುವ ರಾಡಾರ್‌ಗಳು ಬಂದವು. ಈಗ ಮೈಕ್ರೋಬರ್ಸ್ಟ್ ಎಂಬ ಎಚ್ಚರಿಕೆ ಕೇಳಿದರೆ ಪೈಲಟ್ ಇಳಿಯೋದನ್ನು ಬಿಟ್ಟು ವಿಮಾನವನ್ನು ಮತ್ತೆ ಮೇಲಕ್ಕೆತ್ತುತ್ತಾರೆ.