ತೊಟ್ಟಿಕ್ಕಿದ ಬೆವರು ಲೆಕ್ಕಕ್ಕಿಲ್ಲ

ಅಕ್ಕನ ಮಗ ವೃತ್ತಿಪರ ಓಟಗಾರನಾಗಿ ಓಡಿದ ಮೊದಲ ಅರ್ಧ ಮ್ಯಾರಥಾನ್‌ನಲ್ಲಿ ಹದಿನೈದನೆಯ ಕಿಲೋಮೀಟರಿನವರೆಗೂ ಮುಂದಿನ ಗುಂಪಿನಲ್ಲೇ ಇದ್ದ. ಆಮೇಲೆ ಕಾಲು ಸೋತಿತು. ಕಿಲೋಮೀಟರನ್ನು ಮೂರೂಕಾಲು ನಿಮಿಷದಲ್ಲಿ ಮುಗಿಸುತ್ತಿದ್ದವನು ನಾಲ್ಕೂವರೆಗೆ ಇಳಿದ. ಅವನು ಕಾಸರಗೋಡಿನ ಕಡೆಯ ನಮ್ಮೂರು ಬದಿಯಡ್ಕಕ್ಕೆ ಮರಳುವಷ್ಟರಲ್ಲಿ ಕಾರಣ ಊರಿಗೆಲ್ಲ ಗೊತ್ತಾಗಿತ್ತು: ಕಣ್ಣು ಬಿದ್ದಿದೆ. ಹಿಂದಿನ ವಾರವಷ್ಟೇ ಪ್ರಾಯೋಜಕರ ಅಂಗಿ ತೊಟ್ಟ ಅವನ ಫೋಟೋ ಪತ್ರಿಕೆಯಲ್ಲಿ ಬಂದಿತ್ತಲ್ಲ!

ಕಣ್ಣಿನ ಮಾತಿಗಿಂತ ನನಗೆ ಸಿಟ್ಟು ತರಿಸಿದ್ದು ಅವನದೇ ಮಾತು. "ಬೆವರು ಧಾರಾಳ ಬಂದಿತ್ತು ಮಾವ. ಶೂ ಒಳಗೆಲ್ಲ ಚಪಚಪ ಎನ್ನುತ್ತಿತ್ತು. ಮತ್ತೆ ಮೈ ಯಾಕೆ ತಣಿಯಲಿಲ್ಲ?"

ಶೂ ಒಳಗೆ ಸೇರಿದ್ದರಿಂದಲೇ ತಣಿಯಲಿಲ್ಲ! ಚರ್ಮದ ಮೇಲೆ ಆರಿದ ಬೆವರು ಮಾತ್ರ ಕೆಲಸ ಮಾಡಿದ ಬೆವರು. ತೊಟ್ಟಿಕ್ಕಿದ್ದು ದಂಡ.

ಓಡುವವನಿಗೆ ಮೈತೂಕದ ಒಂದೊಂದು ಕಿಲೋಗೂ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲೊರಿ ಬೇಕು. ಇವನು 58 ಕಿಲೋ. ಹಾಗಾಗಿ ಕಿಲೋಮೀಟರಿಗೆ 58. ಅದರಲ್ಲಿ ಓಟಕ್ಕೆ ಒದಗುವುದು ಹೆಚ್ಚೆಂದರೆ ಕಾಲು ಪಾಲು, ಮಿಕ್ಕಿದ್ದೆಲ್ಲ ಬರೀ ಶಾಖ. ಅದು ಒಳಗೇ ಉಳಿದರೆ ಮೈಯ ಉಷ್ಣತೆ ಕಿಲೋಮೀಟರಿಗೆ ಹೆಚ್ಚು ಕಡಿಮೆ ಒಂದು ಡಿಗ್ರಿ ಏರಬೇಕು. 37ರಿಂದ ಹೊರಟವನು ಆರನೆಯ ಕಿಲೋಮೀಟರಿನಲ್ಲೇ 42 ದಾಟಿ ಉರುಳಬೇಕು. ಉರುಳುವುದಿಲ್ಲ, ಏಕೆಂದರೆ ಒಂದು ಲೀಟರು ಬೆವರು ಆರುವಾಗ ಸುಮಾರು 580 ಕಿಲೋಕ್ಯಾಲೊರಿಯನ್ನು ಹೊತ್ತೊಯ್ಯುತ್ತದೆ. ಅವನ ವೇಗಕ್ಕೆ ಗಂಟೆಗೆ ಸುಮಾರು 1.4 ಲೀಟರು ಆರಬೇಕು. ಎದುರುಗಾಳಿಯೂ ಒಂದಿಷ್ಟು ಶಾಖ ಕಳೆಯುತ್ತದೆ, ಅದಿರಲಿ.

'ಆರಬೇಕು' ಎಂಬಲ್ಲೇ ತಕರಾರು. ಮಳೆಗಾಲದ ಆಟಿ ತಿಂಗಳಲ್ಲಿ ಜಗಲಿಯ ಹಗ್ಗಕ್ಕೆ ಹಾಕಿದ ಬೈರಾಸು, ಅಂದರೆ ಮೈ ಒರೆಸುವ ಬಟ್ಟೆ, ಮೂರು ದಿನವಾದರೂ ಆರದೆ ಮುಗ್ಗಲು ಹಿಡಿಯುವುದು ನಮಗೆ ಗೊತ್ತು. ಮೋಡ ಕವಿದರೆ ಅಂಗಳದ ಅಡಿಕೆಗೆ ಬೂಷ್ಟು ಬರುವುದೂ ಗೊತ್ತು. ಬಳ್ಳಾರಿಯ ಕಡೆ ಮಣ್ಣಿನ ಹೂಜಿಯ ನೀರು ಹಲ್ಲು ಜುಮ್ಮೆನ್ನಿಸುತ್ತದೆ. ಅದೇ ಹೂಜಿಯನ್ನು ನಮ್ಮ ಕರಾವಳಿಯ ಕುಂಬಳೆಗೆ ತಂದಿಟ್ಟರೆ ಆ ಸುಖ ಸಿಗದು. ನಮ್ಮ ಗಾಳಿ ಬೆಳಗ್ಗಿನ ಮಂಗಳೂರು ಬಸ್ಸಿನಂತೆ: ಮೊದಲೇ ಭರ್ತಿ. ಬೆವರಿನ ಕಣಗಳು ನಿಲ್ದಾಣದಲ್ಲಿ ಕೈ ತೋರಿಸುತ್ತ ನಿಂತಿರುತ್ತವೆ, ಒಂದಿಬ್ಬರು ಹತ್ತಿಕೊಂಡರೆ ಒಂದಿಬ್ಬರು ಇಳಿಯುತ್ತಾರೆ, ಮಿಕ್ಕವರು ಅಲ್ಲೇ. ಬಯಲುಸೀಮೆಯವರ ಬಿಸಿಲಿಗೂ ನಮ್ಮ ಸೆಕೆಗೂ ಇರುವ ಈ ಅಂತರ ಬರಿಯ ಉಷ್ಣಮಾಪಕ ನೋಡುವವನಿಗೆ ಕಾಣದು.

ಇದನ್ನು ಸೊಗಸಾಗಿ ತೋರಿಸಿಕೊಟ್ಟವನು ಇಂಗ್ಲೆಂಡಿನ ವೈದ್ಯ ಚಾರ್ಲ್ಸ್ ಬ್ಲಾಗ್ಡನ್. 1774ರಲ್ಲಿ ಲಂಡನ್ನಿನಲ್ಲಿ ಗೆಳೆಯರೊಡನೆ ಕಾಯಿಸಿದ ಕೋಣೆಗಳಿಗೆ ಹೊಕ್ಕು ಕುಳಿತ ಪುಣ್ಯಾತ್ಮ. ಕೊನೆಕೊನೆಗೆ ಕೋಣೆಯ ಶಾಖ ಸುಮಾರು 127 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಒಳಗಿಟ್ಟ ಮೊಟ್ಟೆಯೂ ಮಾಂಸವೂ ಬೆಂದವು. ಮನುಷ್ಯರು ಮಾತಾಡಿಕೊಂಡು ಹೊರಬಂದರು. ಗಾಳಿ ಒಣಗಿತ್ತು, ಬೆವರು ಆರುತ್ತಿತ್ತು. ನನಗೆ ಇದಕ್ಕಿಂತ ಪ್ರಿಯವಾದದ್ದು ಅವನ ಇನ್ನೊಂದು ಪ್ರಯೋಗ. ಅದೇ ಶಾಖದಲ್ಲಿಟ್ಟ ಪಾತ್ರೆಯ ನೀರು ಎಷ್ಟು ಹೊತ್ತಾದರೂ ಕುದಿಯಲಿಲ್ಲ, ಆವಿಯಾಗುತ್ತ ತನ್ನನ್ನು ತಾನೇ ತಣಿಸಿಕೊಳ್ಳುತ್ತಿತ್ತು. ಮೇಲೆ ಒಂದಿಷ್ಟು ಎಣ್ಣೆ ಬಿಟ್ಟು ಆವಿಯ ದಾರಿ ಮುಚ್ಚಿದ. ನೀರು ಕೊತಕೊತ ಕುದಿಯಿತು. ಅಳಿಯ ಓಡಿದ್ದೂ ಸಮುದ್ರತೀರದ ನಗರದಲ್ಲಿ. ಅಲ್ಲಿನ ತೇವದ ಗಾಳಿಯೇ ಅವನ ಪಾಲಿನ ಎಣ್ಣೆ.

ಮೈ ಕಾದಂತೆ ರಕ್ತವನ್ನು ಚರ್ಮಕ್ಕೂ ಕೊಡಬೇಕು, ಕಾಲಿನ ಸ್ನಾಯುಗಳಿಗೂ ಕೊಡಬೇಕು. ಬೇಸಗೆಯಲ್ಲಿ ಗುಡ್ಡ ಕೊರೆದು ಮಾಡಿದ ಸುರಂಗದ ನೀರನ್ನು ಮನೆಗೂ ತೋಟಕ್ಕೂ ಹಂಚಿದ ಹಾಗೆ. ಎರಡು ಕಡೆಗೂ ಸಾಲದಾಗ ಮಿದುಳು ವೇಗವನ್ನೇ ಇಳಿಸುತ್ತದೆ.

"ಸೆಕೆಯಲ್ಲೇ ಹುಟ್ಟಿದವನಿಗೆ ಸೆಕೆಯೇ?" ಎಂದು ನೆರೆಮನೆಯವರು ಕೇಳಿದರು. ಹುಟ್ಟಿದ್ದು ಇಲ್ಲಿ, ಹೌದು. ಆದರೆ ಓಟಕ್ಕೆ ಮುಂಚಿನ ಎರಡು ತಿಂಗಳು ಅವನು ಅಭ್ಯಾಸ ಮಾಡಿದ್ದು ಎರಡು ಸಾವಿರ ಮೀಟರಿಗೂ ಎತ್ತರದ ಊಟಿಯ ತಂಪಿನಲ್ಲಿ. ಶಾಖದಲ್ಲಿ ಹತ್ತು ಹದಿನಾಲ್ಕು ದಿನ ಓಡಿದರೆ ಬೆವರು ಬೇಗ ಹೊರಡುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ದ್ರವಭಾಗ ಹೆಚ್ಚುತ್ತದೆ. ಶಾಖ ಬಿಟ್ಟು ಕೆಲವು ವಾರ ಕಳೆದರೆ ಈ ಹೊಂದಾಣಿಕೆ ಬಹುಮಟ್ಟಿಗೆ ಕರಗುತ್ತದೆ. ಜಾತಕದಲ್ಲಿ ಬರೆದಿಡುವ ಗುಣವಲ್ಲ ಅದು.

ಬಾಯಿಮಾತಿಗೆ ಬಗ್ಗುವವನಲ್ಲ ಎಂದು ಒಂದು ಬೆಳಗ್ಗೆ ಅವನನ್ನು ಅಡಿಕೆ ತೂಗುವ ತಕ್ಕಡಿಗೆ ಹತ್ತಿಸಿದೆ. ಒಣ ಬೈರಾಸು ಸುತ್ತಿಕೊಂಡು 58.2 ಕಿಲೋ. ನೀರು ಮುಟ್ಟದೆ ಕುಂಬಳೆ ರಸ್ತೆಯಲ್ಲಿ ಒಂದು ಗಂಟೆ ಓಡಿ ಬಂದ. ಬಟ್ಟೆ ಕಳಚಿ, ಮೈ ಒರೆಸಿ, ಅದೇ ಬೈರಾಸಿನಂಥ ಇನ್ನೊಂದನ್ನು ಸುತ್ತಿ ತೂಗಿದರೆ 56.5. ಅಂಗಿ, ಚಡ್ಡಿ, ಕಾಲುಚೀಲಗಳನ್ನು ಬೋಗುಣಿಗೆ ಹಿಂಡಿ ಅಳೆದೆವು: ಕಾಲು ಲೀಟರಿಗೂ ಮೇಲೆ. ರಸ್ತೆಗೆ ಬಿದ್ದದ್ದೆಷ್ಟೋ. ಅವನು ಬೋಗುಣಿಯನ್ನೇ ನೋಡುತ್ತ ನಿಂತ.

ಅಷ್ಟರಲ್ಲಿ ಅಕ್ಕ ಉಪ್ಪು ಮೆಣಸು ಹಿಡಿದು ಬಂದಳು, ಮಗನಿಗೆ ನಿವಾಳಿಸಿ ಒಲೆಗೆ ಹಾಕಲು. ಅವನು ಕಳೆದುಕೊಂಡದ್ದು ಉಪ್ಪನ್ನೇ, ಅದನ್ನು ಗಂಜಿತಿಳಿಗೆ ಹಾಕಿ ಕೊಡು ಎಂದೆ. ಮನೆಯಲ್ಲಿ ಉಪ್ಪಿಗೇನು ಬರವೇ ಎಂದು ಅವಳು ಎರಡನ್ನೂ ಮಾಡಿದಳು.